ಗೋಂದಕ್ಕನ ಹನ್ನೆರಡು ಪಟ್ಟಿಗಳು

ನನ್ನ ಅಕ್ಕ ಸಾಯಬೇಕೆಂದು ತೀರ್ಮಾನ ಮಾಡಿದವನು ನಾನೇ. ಅದೂ ಒಂದು ಶನಿವಾರ ಮಧ್ಯಾಹ್ನ, ಅವಳೇ ಮಾಡಿಕೊಟ್ಟ ಚಹಾ ಕುಡಿಯುತ್ತ, ಅವಳ ಎದುರಿಗೇ ಕೂತು, ಕಾಲು ಗಂಟೆಯೊಳಗೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ನಾನು.

ಅಕ್ಕ ಬುಕ್ ಬೈಂಡರ್. ಬೀಗದ ಕೈ ಮಾಡುವವನ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ, ಬಾಗಿಲು ಮಾತ್ರ ಕಾಣುವಷ್ಟು ಕಿರಿದಾದ ಅವಳ ಅಂಗಡಿ. ಒಳಗೆ ಹೋದರೆ ಒಂದು ಉದ್ದನೆಯ ಮೇಜು, ಚಕ್ರ ತಿರುಗಿಸಿ ಒತ್ತುವ ಕಬ್ಬಿಣದ ಪ್ರೆಸ್ಸು, ಮೂಲೆಯಲ್ಲಿ ಕಟಿಂಗ್ ಮಷೀನು. ಮೇಲೆ ಅಟ್ಟ. ಹಿಂದೆ ಅವಳ ಒಂದೂವರೆ ಕೋಣೆಯ ಮನೆ. ಅಪ್ಪ ಹೋದಾಗ ಅವಳಿಗೆ ಹತ್ತೊಂಬತ್ತು, ನನಗೆ ಹದಿನಾರು. ಅಪ್ಪನ ಸೂಜಿಯನ್ನು ಅವಳು ಕೈಗೆ ತೆಗೆದುಕೊಂಡಳು, ನಾನು ಕಾಲೇಜಿಗೆ ಹೋದೆ. ಶಾಲೆಗಳ ಹಾಜರಿ ಪುಸ್ತಕ, ಕಚೇರಿಗಳ ರಿಜಿಸ್ಟರು, ಬೆನ್ನು ಮುರಿದ ನಿಘಂಟು ಎಲ್ಲ ಅವಳ ಕೈಯಲ್ಲೇ ಎದ್ದು ನಿಲ್ಲುತ್ತಿದ್ದವು. ಬೀದಿಯವರು ಅವಳನ್ನು ಕರೆಯುವುದು ಗೋಂದಕ್ಕ ಎಂದು. ಗೋಂದಕ್ಕ ಅಂಟಿಸಿದ್ದನ್ನು ಬಿಡಿಸಲು ದೇವರೇ ಬರಬೇಕು ಎಂದು ಬೀಗದವನು ಗಿರಾಕಿಗಳಿಗೆ ಹೇಳುತ್ತಿದ್ದ. ಒಂದು ಅಭ್ಯಾಸವಿತ್ತು ಅವಳಿಗೆ: ಏನಾದರೂ ಗಾಢವಾಗಿ ಯೋಚಿಸುವಾಗ ಹೆಬ್ಬೆರಳಿಗೆ ಒಣಗಿ ಹಿಡಿದ ಗೋಂದನ್ನು ಉಗುರಿನಿಂದ ಸುಲಿಯುತ್ತಾ ಕೂರುತ್ತಿದ್ದಳು.

ನಾನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಆದರೆ ನನ್ನನ್ನು ಗುಮಾಸ್ತ ಎಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ನಾನು ಕಥೆಗಾರ. ಐದು ಸಂಕಲನ ಬಂದಿವೆ. ಎಳೆಯ ಬರಹಗಾರರ ಶಿಬಿರಗಳಿಗೆ ನನ್ನನ್ನು ಕರೆಯುತ್ತಾರೆ. ಕಥೆ ಕಟ್ಟುವುದು ಹೇಗೆ ಎಂದು ಅಲ್ಲಿ ನಾನು ಎದೆಯುಬ್ಬಿಸಿ ಹೇಳುವ ಮೊದಲ ಮಾತು ಇದು: "ಕೊನೆ ಗೊತ್ತಿಲ್ಲದೆ ನಾನು ಮೊದಲಕ್ಷರ ಬರೆಯುವವನಲ್ಲ."

ಎರಡನೆಯ ಮಾತು ಪಟ್ಟಿಗಳ ಬಗ್ಗೆ. ಪುಸ್ತಕದ ಅಂಚು ಕತ್ತರಿಸಿದಾಗ, ಹಾಳಾದ ಫಾರಂ ಕತ್ತರಿಸಿದಾಗ ಕಾಗದದ ಪಟ್ಟಿಗಳು ಉಳಿಯುತ್ತವೆ. ಎರಡು ಬೆರಳಗಲದ ಒಂದು ಪಟ್ಟಿಗೆ ಕಥೆಯ ಒಂದು ಘಟನೆ. ಹನ್ನೆರಡು ಪಟ್ಟಿಗೆ ಒಂದು ಕಥೆ. ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಇದು ಮೇಲಕ್ಕೆ, ಅದು ಕೆಳಕ್ಕೆ ಎಂದು ಆಡಿಸುತ್ತೇನೆ. ಸರಿಯಾಯಿತು ಅನ್ನಿಸಿದ ಮೇಲೆ ರಟ್ಟಿಗೆ ಅಂಟಿಸುವುದು. ಅಂಟಿಸಿದ ಮೇಲೆ ಬದಲಾವಣೆ ಇಲ್ಲ. ಶಿಬಿರದ ಹುಡುಗ ಹುಡುಗಿಯರು ಇದನ್ನು ಬಾಯಿ ಬಿಟ್ಟುಕೊಂಡು ಬರೆದುಕೊಳ್ಳುತ್ತಾರೆ.

ನಾನು ಅವರಿಗೆ ಹೇಳದೆ ಬಿಟ್ಟ ಮಾತು ಒಂದಿದೆ. ಆ ಮೇಜು ಅಕ್ಕನದು. ಪಟ್ಟಿ ಅಕ್ಕನದು, ಗೋಂದು ಅಕ್ಕನದು. ಪ್ರತಿ ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟವನೇ ಅಲ್ಲಿಗೆ ಹೋಗುತ್ತಿದ್ದೆ. ಅವಳು ಹಾಳೆ ಹೊಲಿಯುತ್ತಲೇ "ಒಬ್ಬಳು ಹಿಂಗೆ ಅಂತಿಟ್ಕೋ" ಎಂದು ಶುರು ಮಾಡುತ್ತಿದ್ದಳು. ನಾನು ಬರೆಯುತ್ತಿದ್ದೆ. ನಾನು ಸಿಕ್ಕಿಹಾಕಿಕೊಂಡಾಗ ತಲೆ ಎತ್ತದೆ "ಅದು ಮೂರನೇದು ಅಲ್ಲ ಕಣೋ, ಮೊದಲನೇದು" ಎನ್ನುತ್ತಿದ್ದಳು. ಹೌದು, ಅದು ಮೊದಲನೆಯದೇ ಆಗಿರುತ್ತಿತ್ತು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬಂತೆ ಮೂವತ್ತನಾಲ್ಕು ವರ್ಷ ನಾನು ಬಡಿಸಿ ಹೆಸರು ತಗೊಂಡೆ.

ಆದರೆ ಕೊನೆಯ ಪಟ್ಟಿ ಮಾತ್ರ ಯಾವಾಗಲೂ ನನ್ನದು. ಅದನ್ನು ಅಕ್ಕ ಎಂದೂ ಹೇಳುತ್ತಿರಲಿಲ್ಲ. ಸೂಜಿ ನಿಲ್ಲಿಸಿ, ನನ್ನ ಮುಖ ನೋಡಿ ಕೇಳುತ್ತಿದ್ದಳು, "ಕೊನೆಗೆ ಏನು ಮಾಡ್ತಾಳೆ?" ನಾನು ಹೇಳಿದ್ದನ್ನು ಕೇಳಿ "ಹೌದಲ್ವಾ" ಎಂದು ಬ್ರಶ್ಶನ್ನು ಗೋಂದಿಗೆ ಅದ್ದುತ್ತಿದ್ದಳು. ನನ್ನ ಮೇಲೆ ಅವಳಿಗೆ ಎಷ್ಟು ಗೌರವ ಎಂದು ನಾನು ಬೀಗುತ್ತಿದ್ದೆ. ಮಂಕುಬಡಿದವನು.

ಆ ಶನಿವಾರಕ್ಕೆ ಬರುತ್ತೇನೆ. ಏಳು ತಿಂಗಳಿಂದ ಒಂದೂ ಕಥೆ ಹುಟ್ಟಿರಲಿಲ್ಲ. ಒಂದು ವಾರಪತ್ರಿಕೆಯವರು ವಿಶೇಷ ಸಂಚಿಕೆಗೆ ಆರು ಪುಟ ಕೊಟ್ಟಿದ್ದರು, ದಿನ ಹತ್ತಿರ ಬಂದಿತ್ತು, ನಾನು ಕಂಡಕಂಡವರ ಮೇಲೆ ಹರಿಹಾಯುತ್ತಿದ್ದೆ. ಅಕ್ಕ ಚಹಾ ಕೊಟ್ಟಳು. ಮೇಜಿನ ಮೇಲೆ ಹನ್ನೆರಡು ಪಟ್ಟಿ ಆಗಲೇ ಇಟ್ಟಿದ್ದಳು, ಖಾಲಿ ಬದಿ ಮೇಲೆ ಮಾಡಿ. ಎಂದಿನ ಪಟ್ಟಿಗಳಿಗಿಂತ ದಪ್ಪ, ನುಣುಪು.

"ಒಬ್ಬಳಿಗೆ ಎದೇಲಿ ಗಂಟು ಅಂತಿಟ್ಕೋ" ಎಂದಳು.

ನನ್ನ ಕಿವಿ ನೆಟ್ಟಗಾಯಿತು. "ವಯಸ್ಸೆಷ್ಟು?"

"ನನ್ನಷ್ಟೇ ಇಟ್ಕೋ. ಗಂಡ ಇಲ್ಲ, ಮಕ್ಕಳಿಲ್ಲ. ಕೆಲಸ ಇದೆ."

"ಯಾರಿಗೆ ಹೇಳ್ತಾಳೆ?"

"ಯಾರಿಗೂ ಇಲ್ಲ. ಸ್ನಾನ ಮಾಡುವಾಗ ಕೈಗೆ ಸಿಗುತ್ತೆ. ಎರಡು ತಿಂಗಳು ಸುಮ್ಮನಿರ್ತಾಳೆ. ಆಮೇಲೆ ಒಂದಿನ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಹೋಗ್ತಾಳೆ. ಅಲ್ಲಿ ಸೂಜಿ ಚುಚ್ಚಿ ನೋಡ್ತಾರೆ. ಅದೇ ಅಂತಾರೆ. ಆಪರೇಷನ್ ಮಾಡಿಸಿಕೋ, ಬೇಗ ಮಾಡಿಸಿಕೊಂಡ್ರೆ ಉಳೀತೀಯ ಅಂತಾರೆ."

ಅಂಗಡಿಗೆ ಬೀಗ ಹಾಕಿ ಎಂದಳು. ನಾನು ಅದನ್ನೂ ಪಟ್ಟಿಯ ಮೇಲೆ ಬರೆದುಕೊಂಡೆ! ವಿವರ ಚೆನ್ನಾಗಿದೆ ಎಂದು ಅದರ ಕೆಳಗೆ ಗೆರೆಯನ್ನೂ ಎಳೆದೆ. ಹನ್ನೊಂದು ಪಟ್ಟಿ ತುಂಬಿತು. ಅಕ್ಕ ಸೂಜಿ ನಿಲ್ಲಿಸಿದಳು.

"ಕೊನೆಗೆ ಏನು ಮಾಡ್ತಾಳೆ? ಆಪರೇಷನ್ ಮಾಡಿಸ್ಕೋತಾಳಾ?"

"ಬೇಡ ಬೇಡ" ಎಂದೆ. "ಮಾಡಿಸಿಕೊಂಡ್ರೆ ಆಸ್ಪತ್ರೆ, ಡಾಕ್ಟರು, ಹಾಸಿಗೆ ಅಂತ ಎಳೆಯುತ್ತೆ. ಅವಳು ಹೋಗಬಾರದು. ಮನೆಗೆ ಬರಲಿ, ಕೈಯಲ್ಲಿರೋ ಕೆಲಸ ಮುಗಿಸ್ತಾ ಕೂರಲಿ. ಅಲ್ಲಿಗೆ ನಿಲ್ಲಿಸ್ತೀನಿ. ಓದಿದವರ ಎದೆ ಹಿಂಡಬೇಕು."

"ಬದುಕಿ ಬಂದ್ರೆ?"

"ಬದುಕಿ ಬಂದ್ರೆ ಅದರಲ್ಲಿ ಕಥೆ ಏನಿದೆ ಅಕ್ಕಾ?"

ಅವಳು ಹೆಬ್ಬೆರಳಿನ ಗೋಂದು ಸುಲಿದಳು. ಇಡೀ ಬೆರಳು ಸ್ವಚ್ಛವಾಗುವವರೆಗೂ ಸುಲಿದಳು. ಆಮೇಲೆ "ಹೌದಲ್ವಾ" ಎಂದು ಬ್ರಶ್ ತೆಗೆದುಕೊಂಡಳು. ನಾನು ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಾ ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ಬರೆಯಲು ಕೂತೆ. ರಟ್ಟನ್ನು ಗೋಡೆಗೆ ಒರಗಿಸಿದೆ. ಏಳನೆಯ ಪಟ್ಟಿಯ ತುದಿ ಎದ್ದುಕೊಂಡಿತ್ತು. ನನಗೆ ಆಶ್ಚರ್ಯ. ಅಕ್ಕ ಅಂಟಿಸಿದ್ದು ಎಂದೂ ಎದ್ದದ್ದಿಲ್ಲ. ಒತ್ತಿದೆ, ಮತ್ತೆ ಎದ್ದಿತು. ಸಿಟ್ಟು ಬಂದು ಎಳೆದೆ, ಪಟ್ಟಿ ಪೂರ್ತಿ ಕೈಗೆ ಬಂತು. ಹಿಂಬದಿಯಲ್ಲಿ ಅಚ್ಚಾದ ಸಾಲುಗಳಿದ್ದವು. ಅದರಲ್ಲೇನೂ ವಿಶೇಷವಿಲ್ಲ, ಹಾಳು ಕಾಗದ ತಾನೇ, ಎಲ್ಲ ಪಟ್ಟಿಗಳ ಹಿಂದೆಯೂ ಏನಾದರೂ ಇದ್ದೇ ಇರುತ್ತದೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಪಟ್ಟಿಯನ್ನಾದರೂ ನಾನು ತಿರುಗಿಸಿ ನೋಡಿದವನಲ್ಲ. ಆವತ್ತು ಕಣ್ಣಿಗೆ ಬಿತ್ತು. ಅಲ್ಲಿ ಅಕ್ಕನ ಪೂರ್ತಿ ಹೆಸರಿತ್ತು. ವಯಸ್ಸು ಐವತ್ತೆಂಟು.

ಅದರ ಕೆಳಗಿನ ಪಟ್ಟಿಯನ್ನು ಎಳೆದೆ, ಹರಿಯಿತು. ಅಂಟಿಸಿದ್ದನ್ನು ಎಳೆಯಬಾರದು, ಒದ್ದೆ ಬಟ್ಟೆ ಹಾಸಿ ಕಾಯಬೇಕು ಎಂದು ಅಕ್ಕನೇ ಯಾವಾಗಲೋ ಹೇಳಿದ್ದು ನೆನಪಾಯಿತು. ಅಡುಗೆಮನೆಯಿಂದ ಬಟ್ಟೆ ತಂದೆ. "ಏನ್ರೀ ಇದು, ಮುಖ ಹಿಂಗಾಗಿದೆ?" ಎಂದು ಹೆಂಡತಿ ಕೇಳಿದಳು. ಬಟ್ಟೆಯನ್ನು ರಟ್ಟಿನ ಮೇಲೆ ಹಾಸಿದೆ. ಹತ್ತು ನಿಮಿಷ ಕಾದೆ. ಒಂದೊಂದೇ ಪಟ್ಟಿ ಬಿಡಿಸಿ, ತಿರುಗಿಸಿ, ಮೇಜಿನ ಮೇಲೆ ಇಟ್ಟೆ. ನನ್ನ ಕಥೆಯ ಕ್ರಮದಲ್ಲಿ ಅವು ಕೂಡುತ್ತಿರಲಿಲ್ಲ. ಮೇಲಕ್ಕೆ ಕೆಳಕ್ಕೆ ಆಡಿಸಿದೆ, ಇಷ್ಟು ವರ್ಷ ಕಥೆಗಳನ್ನು ಆಡಿಸಿದ ಹಾಗೇ. ಕೂಡಿತು. ಅದು ಆಸ್ಪತ್ರೆಯ ವರದಿ. ಎಡಗಡೆ ಗಂಟು. ಪರೀಕ್ಷೆಯಲ್ಲಿ ಖಚಿತವಾಗಿದೆ. ಶಸ್ತ್ರಚಿಕಿತ್ಸೆ ಅಗತ್ಯ. ಈಗಲೇ ಆದರೆ ಗುಣವಾಗುವ ಸಂಭವ ಹೆಚ್ಚು, ತಡಮಾಡುವಂತಿಲ್ಲ.

'ಅವಳು ಆಸ್ಪತ್ರೆಗೆ ಹೋಗುವುದಿಲ್ಲ' ಎಂದು ನಾನು ಬರೆದಿದ್ದ ಹನ್ನೆರಡನೆಯ ಪಟ್ಟಿಯ ಬೆನ್ನಿಗೆ ಇದ್ದದ್ದು ಇಷ್ಟೇ: ಬುಧವಾರ ಬೆಳಿಗ್ಗೆ ಎಂಟಕ್ಕೆ ದಾಖಲಾಗತಕ್ಕದ್ದು.

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಅಕ್ಕ ಒಳಗೆ ಕೂತು ಹಾಜರಿ ಪುಸ್ತಕಗಳನ್ನು ಹೊಲಿಯುತ್ತಿದ್ದಳು. ಕೈಯಲ್ಲಿರುವ ಕೆಲಸ ಮುಗಿಸುತ್ತಾ ಕೂರಲಿ ಎಂದು ನಿನ್ನೆ ಹೇಳಿದ್ದು ನಾನೇ. ಒದ್ದೆ ಪಟ್ಟಿಗಳನ್ನು ಅವಳ ಮುಂದೆ ಹಾಕಿದೆ.

"ಇದೇನಕ್ಕಾ ಇದು? ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ" ಎಂದಳು. "ನಿನ್ನೆ ಹೇಳಿದೆ."

"ಅದು ಕಥೆ!"

"ನಿನಗೆ ಕಥೆ."

ನಾನು ಕೂಗಾಡಿದೆ. ಬುದ್ಧಿ ಇದೆಯಾ ನಿನಗೆ, ಆಸ್ಪತ್ರೆಯ ಕಾಗದವನ್ನು ಯಾರಾದರೂ ಕತ್ತರಿಸುತ್ತಾರಾ ಎಂದೆಲ್ಲ ಬೈದೆ. ಹೆದರಿದಾಗ ಬೈಯುವುದು ನನ್ನ ಹುಟ್ಟುಗುಣ. ಅವಳು ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು ನನ್ನ ಉಸಿರು ಮುಗಿಯುವವರೆಗೂ ಕಾದಳು.

"ನೀನು ಏನು ಹೇಳ್ತೀಯೋ ಅದು ಆ ಕಾಗದದ ಬೆನ್ನಿಗೇ ಇರಲಿ ಅಂತ ಕತ್ತರಿಸಿದೆ. ಮೊದಲಿನವೂ ಹಂಗೇ ಮಾಡಿದ್ದು."

"ಮೊದಲಿನವಾ? ಯಾವುದು ಮೊದಲಿನವು?"

ಅವಳು ಅಟ್ಟದ ಕಡೆ ನೋಡಿದಳು. "ಕೆಂಪು ದಾರ ಕಟ್ಟಿರೋವು ಎರಡಿವೆ. ತೆಗಿ."

ಬರೆದು ಮುಗಿದ ಮೇಲೆ ನಾನು ತಂದುಕೊಡುತ್ತಿದ್ದ ಕಥೆಗಳ ರಟ್ಟುಗಳನ್ನೆಲ್ಲ ಅವಳು ಅಟ್ಟದ ಮೇಲೆ ಜೋಡಿಸಿ ಇಟ್ಟಿದ್ದಳು. ಏಣಿ ಹತ್ತಿ ಹುಡುಕಿದೆ. ನೂರಾರು ರಟ್ಟುಗಳ ನಡುವೆ ಎರಡರ ಮೂಲೆಗೆ ಮಾತ್ರ ತೂತು ಮಾಡಿ ಕೆಂಪು ದಾರ ಕಟ್ಟಿತ್ತು. ಅಕ್ಕ ಒದ್ದೆ ಬಟ್ಟೆ ಹಾಸಿದಳು. ನಾವಿಬ್ಬರೂ ಮೇಜಿನ ಎರಡು ಕಡೆ ಕೂತು ಕಾದೆವು. ಅಷ್ಟು ಉದ್ದದ ಹತ್ತು ನಿಮಿಷವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಮೊದಲನೆಯದು ನನ್ನ ಎರಡನೆಯ ಕಥೆ, ನನಗೆ ಮೊದಲ ಬಹುಮಾನ ತಂದದ್ದು. ಒಬ್ಬಳಿಗೆ ಬೇರೆ ಊರಿನ ದೊಡ್ಡ ಛಾಪಖಾನೆಯಲ್ಲಿ ಕೆಲಸ ಸಿಗುತ್ತದೆ, ಅವಳು ಹೋಗದೆ ಉಳಿಯುತ್ತಾಳೆ. ಪಟ್ಟಿಗಳ ಬೆನ್ನಲ್ಲಿ ಅಕ್ಕನ ಹೆಸರಿಗೆ ಬಂದಿದ್ದ ನೇಮಕದ ಪತ್ರ. ಬೈಂಡಿಂಗ್ ವಿಭಾಗ, ಮುಂದಿನ ತಿಂಗಳ ಒಂದನೇ ತಾರೀಕಿಗೆ ಹಾಜರಾಗಬೇಕು. ಆಗ ಅವಳಿಗೆ ಇಪ್ಪತ್ತನಾಲ್ಕು. ಎರಡು ವರ್ಷದ ಮೇಲೆ ಪಕ್ಕದ ಬೀದಿಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಭಾವನನ್ನು ಮದುವೆಯಾದಳು. ಭಾವ ಕೆಟ್ಟವರಲ್ಲ. ಆರು ವರ್ಷದ ಹಿಂದೆ ತೀರಿಕೊಂಡರು.

ಎರಡನೆಯದನ್ನು ತಿರುಗಿಸಲು ನನಗೆ ಧೈರ್ಯ ಬರಲಿಲ್ಲ. ಆ ಕಥೆ ನನಗೆ ನೆನಪಿತ್ತು. ಗಂಡ ಹೆಂಡತಿ ಅನಾಥಾಶ್ರಮಕ್ಕೆ ಮೂರು ಸಲ ಹೋಗಿ ನಾಲ್ಕು ವರ್ಷದ ಒಂದು ಹೆಣ್ಣುಮಗುವನ್ನು ನೋಡುತ್ತಾರೆ. ಕೊನೆಗೆ ಆ ಹೆಂಗಸು ಗೇಟು ಹಾಕಿಕೊಂಡು ಬಂದುಬಿಡುತ್ತಾಳೆ. ಗೇಟಿನ ಸದ್ದಿನಿಂದ ಕಥೆ ಮುಗಿಯುತ್ತದೆ. ಆ ಸದ್ದನ್ನು ಹೊಗಳದ ವಿಮರ್ಶಕರಿಲ್ಲ.

ಅಕ್ಕನೇ ತಿರುಗಿಸಿದಳು. ಆಶ್ರಮದ ಪತ್ರ. ನಿಮ್ಮ ಅರ್ಜಿ ಮಂಜೂರಾಗಿದೆ, ಮಗುವನ್ನು ಕರೆದುಕೊಂಡು ಹೋಗಬಹುದು.

"ಮಂಜೂರಾಗಿತ್ತಾ?" ಎಂದೆ.

"ಹ್ಞೂ. ನಿನ್ನ ಭಾವ ನಿನ್ನಿಷ್ಟ ಅಂದ್ರು. ನಾನು ನಿನ್ನನ್ನ ಕೇಳಿದೆ."

"ನನ್ನನ್ನ ಕೇಳಲಿಲ್ಲ ನೀನು! ನೇರವಾಗಿ ಕೇಳಬೇಕಿತ್ತು!"

"ನೇರವಾಗಿ ಕೇಳಿದ್ರೆ ತಮ್ಮನಾಗಿ ಹೇಳ್ತಿದ್ದೆ" ಎಂದಳು. "ಅಕ್ಕ ಹೊರಟುಹೋದ್ರೆ ನನ್ನ ಗತಿಯೇನು ಅಂತ ಅಳ್ತಿದ್ದೆ. ಇಲ್ಲಾ, ನಾನು ನೊಂದ್ಕೋತೀನಿ ಅಂತ ನನಗೆ ಬೇಕಾದ್ದನ್ನೇ ಹೇಳ್ತಿದ್ದೆ. ಕಥೆಯವಳು ಅಂದ್ರೆ ನಿನಗೆ ಅವಳು ಯಾರೂ ಅಲ್ಲ. ಅವಳಿಗೆ ಯಾವುದು ಸರಿಯೋ ಅದನ್ನ ಯೋಚನೆ ಮಾಡಿ ಹೇಳ್ತೀಯ ಅಂದ್ಕೊಂಡೆ. ಓದಿದವನು ನೀನು. ನಿನ್ನಷ್ಟು ಯೋಚನೆ ಮಾಡೋರು ನನಗೆ ಬೇರೆ ಯಾರಿದ್ರು?"

ನಾನು ಯೋಚನೆ ಮಾಡಿದ್ದು! ಏನು ಯೋಚನೆ ಮಾಡಿದ್ದೆ ಎಂದು ನನಗೆ ಅಕ್ಷರ ಅಕ್ಷರವೂ ನೆನಪಿದೆ. ಹೇಳದೆ ನುಂಗಿಬಿಡಬಹುದಿತ್ತು. ಆದರೆ ಅವಳ ಎದುರು ಕೂತು, ಆ ಎರಡು ಪತ್ರಗಳನ್ನು ಇಟ್ಟುಕೊಂಡು, ಇನ್ನೂ ಒಂದು ಸುಳ್ಳನ್ನು ಅಂಟಿಸಲು ನನ್ನಿಂದಾಗಲಿಲ್ಲ.

"ಅಕ್ಕಾ, ನಾಲ್ಕು ಪುಟ" ಎಂದೆ.

"ಏನು ನಾಲ್ಕು ಪುಟ?"

"ಆಗ ಪತ್ರಿಕೆಯವರು ನಾಲ್ಕೇ ಪುಟ ಕೊಟ್ಟಿದ್ರು. ಅವಳು ಆ ಊರಿಗೆ ಹೋದ್ರೆ ಅಲ್ಲಿನ ಬೀದಿ, ಮನೆ, ಜನ ಎಲ್ಲ ಬರೀಬೇಕಿತ್ತು. ಜಾಗ ಇರಲಿಲ್ಲ. ಅದಕ್ಕೇ ಉಳಿಸಿದೆ. ಮಗೂನೂ ಅಷ್ಟೇ. ಮಗು ಮನೆಗೆ ಬಂದ್ರೆ ಅಲ್ಲಿಂದ ಇನ್ನೊಂದು ಕಥೆ ಶುರುವಾಗುತ್ತೆ. ಅದಕ್ಕೇ ಬೇಡ ಅಂದೆ. ಅವಳಿಗೆ ಯಾವುದು ಸರಿ ಅಂತ ನಾನು ಯಾವತ್ತೂ ಯೋಚನೆ ಮಾಡಲೇ ಇಲ್ಲ."

ಅಕ್ಕ ನನ್ನನ್ನು ನೋಡಿದಳು. ಆಸ್ಪತ್ರೆಯ ಸುದ್ದಿ ಹೇಳುವಾಗಲೂ ಅಲುಗಾಡದಿದ್ದ ಮುಖ ಬಿಳಿಚಿಕೊಂಡಿತು. ಮೇಜಿನ ಮೇಲೆ, ಕಾಲಡಿ, ಗೋಡೆಯ ಪಕ್ಕ, ಎತ್ತ ನೋಡಿದರೂ ಹಾಳೆಗಳ ರಾಶಿಯಿತ್ತು. ಆಳೆತ್ತರದ ರಾಶಿ. ಅವಳು ಅವುಗಳನ್ನೆಲ್ಲ ಒಂದು ಸುತ್ತು ನೋಡಿದಳು.

"ಹಾಳೆ ಸಾಲಲಿಲ್ಲವಾ?" ಎಂದಳು. "ಹಾಳೆ ಬೇಕಿದ್ರೆ ನನ್ನನ್ನ ಕೇಳಬಾರದಿತ್ತೇನೋ?"

ನಾನು ಮೇಜಿಗೆ ತಲೆಯಿಟ್ಟು ಅತ್ತೆ. ಐವತ್ತೈದು ವರ್ಷದ ಗಂಡಸು, ಐದು ಸಂಕಲನದ ಕಥೆಗಾರ, ಮೂಗು ಸೋರಿಸಿಕೊಂಡು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳ ಉಗುರಿನ ಸದ್ದು ಕೇಳಿಸಿತು. ಗೋಂದು ಸುಲಿಯುತ್ತಿದ್ದಳು.

"ಇದಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆ?"

"ಆರು. ಪುಟ ಹಾಳಾಗಿಹೋಗ್ಲಿ. ನಾನು ಬರೆಯಲ್ಲ ಇದನ್ನ. ಅಕ್ಕಾ, ಬುಧವಾರ ಆಸ್ಪತ್ರೆಗೆ ಹೋಗೋಣ. ಕಥೆಯವಳಿಗಲ್ಲ, ನಿನಗೆ ಹೇಳ್ತಿದ್ದೀನಿ. ತಮ್ಮನಾಗೇ ಹೇಳ್ತಿದ್ದೀನಿ. ನನಗೆ ನೀನು ಬೇಕು."

"ಹೋದ್ರೆ ಕೊನೆಗೆ ಏನಾಗುತ್ತೆ?"

ವಾಡಿಕೆಯಂತೆ ಬಾಯಿಗೆ ಒಂದು ಕೊನೆ ಬಂತು. ಚೆನ್ನಾಗಿಯೇ ಇತ್ತು, ಅವಳನ್ನು ಒಪ್ಪಿಸುವ ಹಾಗಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ ಅಕ್ಕಾ."

"ನಿಜವಾಗ್ಲೂ ಗೊತ್ತಿಲ್ವಾ?"

"ದೇವರಾಣೆಗೂ ಗೊತ್ತಿಲ್ಲ."

ಅಕ್ಕ ಆಸ್ಪತ್ರೆಯ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ, ಒಣಗಲು ಹಾಕುವ ಹಲಗೆಯ ಮೇಲೆ ಕ್ರಮವಾಗಿ ಜೋಡಿಸಿದಳು. ನಾನು ಹರಿದಿದ್ದ ಪಟ್ಟಿಯ ಹಿಂದೆ ತೆಳುಕಾಗದ ಕೊಟ್ಟು ಕೂಡಿಸಿದಳು. ಆಗ ನಾನು ಕೇಳಿದೆ.

"ಆ ಎರಡು ರಟ್ಟಲ್ಲಿ ಒಂದು ಪಟ್ಟಿನೂ ಎದ್ದಿರಲಿಲ್ಲ. ಇದು ಒಂದೇ ರಾತ್ರಿಗೆ ಯಾಕೆ ಎದ್ದಿತು?"

"ನುಣುಪು ಕಾಗದ. ಈ ಗೋಂದು ಅದನ್ನ ಸರಿಯಾಗಿ ಹಿಡಿಯಲ್ಲ."

"ನಿನಗೆ ಗೊತ್ತಿರಲಿಲ್ವಾ ಅದು?"

ಅವಳು ಬ್ರಶ್ಶನ್ನು ನೀರಿನಲ್ಲಿ ಅದ್ದಿ ತೊಳೆದಳು, ಬಟ್ಟೆಗೆ ಒರೆಸಿದಳು.

"ಗೊತ್ತಿತ್ತು" ಎಂದಳು.

ಬುಧವಾರ ಏಳೂವರೆಗೇ ಆಸ್ಪತ್ರೆಯಲ್ಲಿದ್ದೆವು. ಮಂಗಳವಾರ ಸಂಜೆಯವರೆಗೂ ನನ್ನ ಕೈಯಲ್ಲಿ ಪ್ರೆಸ್ಸಿನ ಚಕ್ರ ತಿರುಗಿಸಿ, ಬೈದು, ಹಾಜರಿ ಪುಸ್ತಕಗಳನ್ನೆಲ್ಲ ಮುಗಿಸಿಯೇ ಬಂದಿದ್ದಳು. ದಾಖಲಾತಿಯ ಕಿಟಕಿಯಲ್ಲಿ ಅವಳು ವರದಿಯನ್ನು ಕೊಟ್ಟಳು. ಒಳಗಿದ್ದ ಹೆಂಗಸು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹನ್ನೆರಡು ಪಟ್ಟಿ ಕೂಡಿಸಿದ ಕಾಗದ, ಬೆನ್ನ ತುಂಬಾ ಯಾರದೋ ಕೈಬರಹ. "ಇದೇನಮ್ಮಾ, ಹಿಂದೆ ಏನೇನೋ ಬರೆದಿದೆ?" ಎಂದು ಕೇಳಿದಳು. "ಅದು ಲೆಕ್ಕಕ್ಕಿಲ್ಲ, ಮುಂದಿನದು ನೋಡಿ" ಎಂದಳು ಅಕ್ಕ.

ಕೈಗೆ ಪಟ್ಟಿ ಕಟ್ಟಿ, ಹಸಿರು ನಿಲುವಂಗಿ ತೊಡಿಸಿ, ತಳ್ಳುವ ಮಂಚದ ಮೇಲೆ ಮಲಗಿಸಿದರು. ನಾನು ಪಕ್ಕದಲ್ಲೇ ನಡೆದೆ. ಗೋಂದಿಲ್ಲದ ಅವಳ ಹತ್ತೂ ಬೆರಳುಗಳನ್ನು ನಾನು ನೋಡಿದ್ದು ಅದೇ ಮೊದಲು. ಆಪರೇಷನ್ ಕೋಣೆಯ ಜೋಡಿ ಬಾಗಿಲಿನ ಹತ್ತಿರ ನರ್ಸು ನನ್ನನ್ನು ತಡೆದರು. ಅಕ್ಕ ತಲೆ ಎತ್ತಿ ನನ್ನ ಕಡೆ ನೋಡಿದಳು.

"ಹೊರಗೆ ಕೂತ್ಕೊಂಡು ಏನೂ ಕಟ್ಟಬೇಡ" ಎಂದಳು. "ಸುಮ್ನೆ ಕೂತಿರು."

ಬಾಗಿಲು ಮುಚ್ಚಿತು. ನಾನು ಬೆಂಚಿನ ಮೇಲೆ ಸುಮ್ಮನೆ ಕೂತೆ.